ಸರದಿ

ಮಂಡ್ಯದ ನೀರಾವರಿ ಕಚೇರಿಯ ಹಿಂದಿನ ಕೋಣೆ.
ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ.
ಮೇಜಿನಡಿಯ ಸರ್ವರಿಗೆ ಬೆಲ್ಲದ ಮಂಡಿಯ ಕ್ಯಾಲೆಂಡರು ಬೀಸುತ್ತ
ಕೂತಿದ್ದೇನೆ, ಗುತ್ತಿಗೆಯವಳು,
ಹನ್ನೊಂದು ತಿಂಗಳ ಆದೇಶ.

ಎರಡು ಲಕ್ಷ ಮೂವತ್ತು ಸಾವಿರ ಅರ್ಜಿ
ಸ್ಕ್ಯಾನಾಗಿ ಒಳಗೆ ಸೇರಿವೆ. ಎಲ್ಲವೂ ನೀರಿನವು.
ನಮ್ಮ ಗದ್ದೆಗೆ ಹತ್ತುತ್ತಿಲ್ಲ, ಮೇಲಿನವರು ಕಟ್ಟೆ ಹಾಕಿದ್ದಾರೆ,
ಮಹಾಸ್ವಾಮಿಯವರು ದಯಮಾಡಿ.
ಹುಡುಕುವ ಪೆಟ್ಟಿಗೆಯಲ್ಲಿ ನೀರು ಎಂದು ಬರೆದರೆ ಸಾಕು,
ನಾಲ್ಕು ಸೆಕೆಂಡು ಯೋಚಿಸಿ
ಯಂತ್ರ ಕೋಡಿ ಬೀಳುತ್ತದೆ.
ಮೆಮೊರಿ ಸಾಲದು, ಅನ್ನುತ್ತದೆ ಕೆಂಪಕ್ಷರ.
ಇರುವುದು ನಾಲ್ಕು ಜಿಬಿ. ಇನ್ನು ನಾಲ್ಕು ಬೇಕೆಂದು ನಾನು ಬರೆದದ್ದೂ
ಯಾವುದೋ ಫೈಲಿನಲ್ಲಿ ಅರ್ಜಿಯಾಗಿ ಕೂತಿದೆ.

ದಿನಾ ಹನ್ನೊಂದಕ್ಕೆ ಚಿಕ್ಕಮಂಚಯ್ಯ ಬರುತ್ತಾರೆ.
ನೀರುಗಂಟಿ ಆಗಿದ್ದವರು. ಸನಿಕೆ ಬಿಟ್ಟು ವರ್ಷಗಳಾದರೂ
ಬೆರಳು ಅದರ ಕಾವಿನ ಸುತ್ತಲೇ ಮಡಿಚಿಕೊಂಡಿದೆ.
"ನಮ್ಮಪ್ಪನ ಕಾಗ್ದ ಸಿಕ್ತೇನವ್ವಾ? ಅರವತ್ತೊಂದ್ನೇ ಇಸ್ವಿದು."
ಯಾವ ಕಾಗದ?
"ಅವ್ನ ಹೆಸ್ರಿರೋದು."
ಅಷ್ಟೇ.

ಮಂಚ ಎಂದು ಹುಡುಕಿದೆ. ಸಾವಿರದ ನಾನ್ನೂರು ಮಂಚಂದಿರು.
ಹಳೆಯದು ಮೊದಲು, ಎಂದು ಒತ್ತಿದೆ.
1987 ಬಂತು, ಅದರ ಹಿಂದೆ 1988,
ಶಿಸ್ತಾಗಿ ನಡೆದು ಬಂದವು 2019ರ ತನಕ.
೧೯೬೧ ಎಲ್ಲಿ?
ನೂರ ಮೂವತ್ತನೇ ಪುಟದಾಚೆ, ನಾಲೆಯ ಬಾಲದಲ್ಲಿ,
ಮೇಲೆ ತೂಬು ಎತ್ತಿದ ಸುದ್ದಿಯೇ ಮುಟ್ಟದ ಗದ್ದೆಯ ಹಾಗೆ.
ಯಂತ್ರಕ್ಕೆ ಇಸವಿ ತಿಳಿಯದು, ಅಕ್ಷರ ತಿಳಿದೀತು.
ಅದರ ಲೆಕ್ಕದಲ್ಲಿ ಇಂಗ್ಲಿಷಿನ ಒಂಬತ್ತಕ್ಕಿಂತ
ಕನ್ನಡದ ಒಂದು ದೊಡ್ಡದು.
ಹಿಗ್ಗಬೇಕೋ ಅಳಬೇಕೋ ತಿಳಿಯದೆ
ಎರಡು ಟೀ ತರಿಸಿದೆ.

"ಅದ್ಯಾಕೆ ಬಿದ್ದೋಯ್ತದೆ ಅದು?"
ಹತ್ತು ತೋರಿಸುವುದಕ್ಕೆ ಎರಡು ಲಕ್ಷವನ್ನೂ ಹೊರಗೆಳೆದು
ಕಣದಲ್ಲಿ ಹರಡಿಕೊಳ್ಳುತ್ತದೆ ತಾತ, ಆಮೇಲೆ ಜೋಡಿಸುತ್ತದೆ.
ನಕ್ಕರು. ಟೀ ಸಾಸರಿಗೆ ಚೆಲ್ಲಿತು.
"ಎಲ್ಲಾ ತೂಬೂವೆ ಒಂದೇ ಸಲ ಎತ್ಬುಟ್ರೆ ಏರಿ ನಿಂತದಾ?
ಹತ್ತು ಜನ ನಿಲ್ಸ್ಕೊ. ಹೊಸಬ ಬಂದ್ನಾ, ಹತ್ತನೇವ್ನ ಪಕ್ಕ ನಿಲ್ಸಿ ನೋಡು.
ಯಾರ್ದು ಜಾಸ್ತಿ ಒಣಗ್ಯದೋ ಅವ್ನ ಇಟ್ಕೊ,
ಇನ್ನೊಬ್ಬುನ್ನ ಕಳ್ಸು."
ಪುಸ್ತಕದಲ್ಲೂ ಹಾಗೇ ಇದೆ.
ಓದಿ, ಪರೀಕ್ಷೆ ಬರೆದು, ಪಾಸಾಗಿ, ಮರೆತಿದ್ದೆ.

ಆ ರಾತ್ರಿ ಎರಡು ಬಗೆಯ ಅಂಕಿಯನ್ನೂ ಒಂದು ಮಾಡಿ
ಇಸವಿಯನ್ನು ಇಸವಿಯಾಗಿ ಓದಲು ಕಲಿಸಿದೆ.
ಹತ್ತೇ ಹತ್ತು ಹಿಡಿ, ಉಳಿದದ್ದು ಕೈಬಿಡು, ಎಂದೆ.
ಸೂಚಿಯನ್ನು ಹೊಸದಾಗಿ ಕಟ್ಟಲಿಕ್ಕೆ ಬಿಟ್ಟು
ಕೊನೆಯ ಬಸ್ಸು ಹತ್ತಿದೆ.

ಬೆಳಿಗ್ಗೆ ಎಲ್ಲಕ್ಕಿಂತ ಮೇಲೆ
೧೯೬೧, ಜುಲೈ.
ಅಪ್ಪನ ಅರ್ಜಿಯಲ್ಲ. ಅಪ್ಪನ ಮೇಲಿನ ದೂರು.
"ನೀರುಗಂಟಿ ಮಂಚ ಎಂಬಾತನು ಸರದಿ ತಪ್ಪಿಸಿ
ಹೊಂಬಾಳಮ್ಮ ಎಂಬ ಗಂಡನಿಲ್ಲದ ಹೆಂಗಸಿನ ಒಟ್ಲಿಗೆ
ನಮಗಿಂತ ಮುಂಚೆ ಮೂರು ರಾತ್ರಿ ನೀರು ಬಿಟ್ಟಿರುತ್ತಾನೆ."
ಕೆಳಗೆ ಐದು ಸಹಿ, ಎರಡು ಹೆಬ್ಬೆಟ್ಟು.

ಓದಿ ಹೇಳಿದೆ, ಆದಷ್ಟು ಮೆತ್ತಗೆ.
ಟವೆಲಿನಿಂದ ಬಾಯಿ ಒರೆಸಿಕೊಂಡರು.
"ಬುಟ್ಟಿದ್ದ ಕಣವ್ವ.
ಲಾಟೀನು ಹಿಡ್ಕಂಡಿದ್ದೋನು ನಾನೇ."
ಒಂದು ಪ್ರಿಂಟು ಕೇಳಿದರು. ಎರಡು ರೂಪಾಯಿ
ಮೇಜಿನ ಮೇಲಿಟ್ಟು, ಹಾಳೆ ಮಡಿಸದೆ ಹಿಡಿದುಕೊಂಡು ಹೋದರು.

ನೀರು ಎಂದು ಬರೆದು ಒತ್ತಿದೆ.
ಬೀಳಲಿಲ್ಲ.
ಹತ್ತು ಬಂದವು, ಸರದಿ ಸರಿಯಾಗಿ.
ಯಾರ ಗದ್ದೆ ಎಷ್ಟು ಒಣಗಿತ್ತು ಎಂಬ ಕಾಲಮ್ಮು
ನಮ್ಮ ಪಟ್ಟಿಯಲ್ಲಿಲ್ಲ.
ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸಿದೆ.
ಅದಿನ್ನೂ ಹೋದ ತಿಂಗಳಲ್ಲೇ ಇತ್ತು,
ಹಾಳೆ ಹರಿದೆ.